ಹಣದುಬ್ಬರವನ್ನು ಮೂಟೆಯಲ್ಲಿ ಅಳೆದಾಗ

ಎಲ್ಲರಿಗೂ ನಮಸ್ಕಾರ. ಒಂದು ಸಭೆಯಲ್ಲಿ ನಾನು ಆಡಿದ ಮಾತು ಇದು, ಅಲ್ಲಿ ಬಂದ ಪ್ರಶ್ನೆಗಳ ಜೊತೆಗೆ. ಬೆಲೆ ಏರಿಕೆ ಅಂದ ಕೂಡಲೇ ನಾವು ಮಾತಾಡುವುದೆಲ್ಲ ಕೊಳ್ಳುವವರ ಬಗ್ಗೆ. ಅದು ಸಹಜ, ಕೊಳ್ಳುವವರೇ ಜಾಸ್ತಿ. ಮಾರುವವರ ಬಗ್ಗೆ ಮಾತ್ರ ಒಂದೇ ಸಾಲಿನ ತೀರ್ಪು: "ಧಾನ್ಯದ ರೇಟು ಏರಿದೆಯಲ್ಲ, ಬೆಳೆದವರಿಗೆ ಒಳ್ಳೆಯದೇ ಆಯ್ತು." ಇವತ್ತು ಈ ತೀರ್ಪನ್ನು ಸ್ವಲ್ಪ ತಿರುವಿ ನೋಡೋಣ. ಭಾಗಾಕಾರ ಬಂದರೆ ಸಾಕು, ಅರ್ಥಶಾಸ್ತ್ರ ಓದಿರಬೇಕಾಗಿಲ್ಲ.

ಹಣದುಬ್ಬರ ಇಷ್ಟು ಶೇಕಡಾ ಎಂದು ಸರ್ಕಾರಗಳು ಹೇಳುತ್ತವಲ್ಲ, ಆ ಲೆಕ್ಕ ಒಂದು ಸಂಸಾರದ ಖರ್ಚಿನ ಪಟ್ಟಿಯಿಂದ ಬರುತ್ತದೆ. ಊಟ, ಬಾಡಿಗೆ, ಬಟ್ಟೆ, ಓಡಾಟ, ಔಷಧಿ, ಹೀಗೆ. ಅದರಲ್ಲಿ ಯೂರಿಯಾ ಇಲ್ಲ. ಬಿತ್ತನೆ ಬೀಜ ಇಲ್ಲ. ಗೇಣಿ ಇಲ್ಲ, ಟ್ರ್ಯಾಕ್ಟರ್ ಕಂತು ಇಲ್ಲ. ಬೆಳೆಗಾರನಿಗೆ ಸಂಸಾರದ ಖರ್ಚು ಇದ್ದೇ ಇರುತ್ತದೆ, ಅದರ ಮೇಲೆ ಇನ್ನೊಂದು ಖರ್ಚಿನ ಪಟ್ಟಿಯೂ ಇರುತ್ತದೆ. ಆ ಎರಡನೇ ಪಟ್ಟಿ ಎಷ್ಟು ಏರಿತು ಎಂದು ಟಿವಿಯಲ್ಲಿ ಯಾರೂ ಹೇಳುವುದಿಲ್ಲ.

ಹಾಗಾದರೆ ಅವನ ಹಣದುಬ್ಬರವನ್ನು ಅಳೆಯುವುದು ಹೇಗೆ? ದುಡ್ಡನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಧಾನ್ಯದಲ್ಲೇ ಅಳೆಯಿರಿ. ಒಂದು ಟನ್ ಗೊಬ್ಬರ ತರಲು ಎಷ್ಟು ಮೂಟೆ ಕಾಳು ಮಾರಬೇಕು? ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ.

ವಿಶ್ವಬ್ಯಾಂಕ್ ಪ್ರತಿ ತಿಂಗಳೂ ಸರಕುಗಳ ಅಂತಾರಾಷ್ಟ್ರೀಯ ಬೆಲೆಗಳನ್ನು ಪ್ರಕಟಿಸುತ್ತದೆ. ಅದರ ಪ್ರಕಾರ 2020ರಲ್ಲಿ ಮೆಕ್ಕೆಜೋಳದ ಸರಾಸರಿ ಬೆಲೆ ಟನ್ನಿಗೆ ಸುಮಾರು 165 ಡಾಲರ್. ಯೂರಿಯಾ ಸುಮಾರು 230. ಮೂಟೆಗೆ 50 ಕಿಲೋ ಎಂದಿಟ್ಟುಕೊಂಡರೆ, ಒಂದು ಟನ್ ಯೂರಿಯಾಕ್ಕೆ 28 ಮೂಟೆ ಮೆಕ್ಕೆಜೋಳ. ಈಗ 2022ರ ಏಪ್ರಿಲ್‌ಗೆ ಬನ್ನಿ. ಮೆಕ್ಕೆಜೋಳ 350 ಡಾಲರ್ ಹತ್ತಿರ ಬಂದಿತ್ತು. ಎರಡು ಪಟ್ಟಿಗಿಂತ ಜಾಸ್ತಿ! ಹಬ್ಬ ಮಾಡಬೇಕು ಅಲ್ವಾ? ಆದರೆ ಅದೇ ತಿಂಗಳು ಯೂರಿಯಾ 925ರ ಆಸುಪಾಸಿನಲ್ಲಿತ್ತು. ಲೆಕ್ಕ ಹಾಕಿ. ಒಂದು ಟನ್ ಯೂರಿಯಾಕ್ಕೆ 53 ಮೂಟೆ.

ಕಾಳಿನ ರೇಟು ಎರಡು ಪಟ್ಟಾದ ಕಾಲದಲ್ಲೇ, ಅದೇ ಗೊಬ್ಬರಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ಮೂಟೆ ಕೊಡಬೇಕಾಯಿತು. ಆಮೇಲೆ ಎರಡೂ ಇಳಿದವು. 2024ರ ಸರಾಸರಿ ನೋಡಿದರೆ ಮೆಕ್ಕೆಜೋಳ ಸುಮಾರು 190, ಯೂರಿಯಾ ಸುಮಾರು 340. ಅಂದರೆ 36 ಮೂಟೆ. ಪೇಪರಿನಲ್ಲಿ "ಗೊಬ್ಬರದ ಬೆಲೆ ತಣ್ಣಗಾಯಿತು" ಎಂದು ಬಂತು. ಡಾಲರ್ ಲೆಕ್ಕದಲ್ಲಿ ಹೌದು. ಮೂಟೆ ಲೆಕ್ಕದಲ್ಲಿ ಆ ವರ್ಷ ಅದು 28ಕ್ಕಿಂತ ಮೇಲೆಯೇ ಇತ್ತು. ಇವು ಬಂದರಿನ ಬೆಲೆಗಳು, ಹೊಲದ ಅಂಚಿನವಲ್ಲ. ಸಬ್ಸಿಡಿ, ಸಾಗಣೆ, ತೆರಿಗೆ ಸೇರಿ ಒಂದೊಂದು ದೇಶದಲ್ಲಿ ಒಂದೊಂದು ಚಿತ್ರ ಬರುತ್ತದೆ. ಆದರೂ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಇದರಿಂದ ಗೊತ್ತಾಗುತ್ತದೆ.

ಗೊಬ್ಬರ ಹೀಗೆ ನೆಗೆದದ್ದು ಯಾಕೆ? ಯೂರಿಯಾ ಮಾಡಲು ಅಮೋನಿಯಾ ಬೇಕು. ಅಮೋನಿಯಾ ಮಾಡಲು ಗಾಳಿಯಲ್ಲಿರುವ ನೈಟ್ರೋಜನ್ ಜೊತೆ ಹೈಡ್ರೋಜನ್ ಬೇಕು. ಹೆಚ್ಚಿನ ದೇಶಗಳಲ್ಲಿ ಆ ಹೈಡ್ರೋಜನ್ ಬರುವುದು ನೈಸರ್ಗಿಕ ಅನಿಲದಿಂದ. ಕಚ್ಚಾ ವಸ್ತುವೂ ಅದೇ, ಕುಲುಮೆಗೆ ಉರುವಲೂ ಅದೇ. ಹಾಗಾಗಿ ತಯಾರಿಕೆ ಖರ್ಚಿನ ಬಹುಪಾಲು ಅನಿಲದ್ದೇ. 2021ರ ಕೊನೆಗೆ ಯುರೋಪಿನಲ್ಲಿ ಅನಿಲದ ಬೆಲೆ ಮಿತಿಮೀರಿದಾಗ ಅಲ್ಲಿನ ಅಮೋನಿಯಾ ಕಾರ್ಖಾನೆಗಳು ಒಂದೊಂದಾಗಿ ಒಲೆ ಆರಿಸಿದವು. ಅದೇ ಸಮಯಕ್ಕೆ ಚೀನಾ ಗೊಬ್ಬರದ ರಫ್ತಿಗೆ ಕಡಿವಾಣ ಹಾಕಿತು. ಪೊಟ್ಯಾಷ್‌ನ ದೊಡ್ಡ ಮಾರಾಟಗಾರ ಬೆಲಾರೂಸ್ ಮೇಲೆ ನಿರ್ಬಂಧ ಬಿತ್ತು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ಯುದ್ಧಕ್ಕೆ ಹೋಯಿತು. ಈ ಎರಡು ದೇಶಗಳು ಸೇರಿ ಜಗತ್ತಿನ ಗೋಧಿ ರಫ್ತಿನ ನಾಲ್ಕನೇ ಒಂದು ಭಾಗಕ್ಕಿಂತ ಜಾಸ್ತಿ ಕೊಡುತ್ತಿದ್ದವು. ರಷ್ಯಾ ಗೊಬ್ಬರದಲ್ಲೂ ದೊಡ್ಡ ಕುಳ. ಮಾರ್ಚ್ ಮೊದಲ ವಾರದಲ್ಲಿ ಶಿಕಾಗೋ ಪೇಟೆಯಲ್ಲಿ ಗೋಧಿ ಬುಷೆಲ್‌ಗೆ 12 ಡಾಲರ್ ದಾಟಿತು. ಬುಷೆಲ್ ಅಂದರೆ ಗೋಧಿಯಲ್ಲಿ ಸುಮಾರು 27 ಕಿಲೋ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಆಹಾರ ಬೆಲೆ ಸೂಚ್ಯಂಕ ಆ ತಿಂಗಳು 160ರ ಹತ್ತಿರ ಹೋಯಿತು. 2014–16ರ ಸರಾಸರಿಯನ್ನು 100 ಎಂದು ಹಿಡಿದ ಲೆಕ್ಕ ಅದು.

ಕಚ್ಚಾ ಎಣ್ಣೆ, ಅನಿಲ ಏರಿದಾಗ ಧಾನ್ಯದ ರೇಟೂ ಏರುವುದಕ್ಕೆ ಇನ್ನೊಂದು ಕೊಂಡಿ ಇದೆ. ಅಮೆರಿಕದಲ್ಲಿ ಬೆಳೆಯುವ ಮೆಕ್ಕೆಜೋಳದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಪೆಟ್ರೋಲಿಗೆ ಬೆರೆಸುವ ಎಥನಾಲ್ ಆಗುತ್ತದೆ. ಪೆಟ್ರೋಲ್ ದುಬಾರಿಯಾದರೆ ಎಥನಾಲ್‌ಗೂ ಬೆಲೆ, ಮೆಕ್ಕೆಜೋಳಕ್ಕೂ ಬೆಲೆ. ಹಾಗಾಗಿ ಡೀಸೆಲ್ ಬಂಕಿನಲ್ಲಿ ಬೈಯುವ ಬೆಳೆಗಾರನಿಗೆ ಅದೇ ಏರಿಕೆಯಿಂದ ಪೇಟೆಯಲ್ಲಿ ಸ್ವಲ್ಪ ವಾಪಸ್ ಸಿಗುತ್ತದೆ. ಎಷ್ಟು ವಾಪಸ್ ಎಂಬುದೇ ಪ್ರಶ್ನೆ.

ಈಗ ಕಾಲದ ವಿಷಯ. ಅಂಗಡಿಯವನು ಇವತ್ತು ತಂದದ್ದನ್ನು ನಾಳೆ ಮಾರುತ್ತಾನೆ. ಖರೀದಿ ದುಬಾರಿಯಾದರೆ ಮಾರಾಟದ ಬೆಲೆಯನ್ನೂ ತಿದ್ದುತ್ತಾನೆ. ಬೆಳೆಗಾರ ಗೊಬ್ಬರ, ಬೀಜ ಕೊಳ್ಳುವುದು ಒಂದು ಕಾಲದ ಬೆಲೆಗೆ, ಕಾಳು ಮಾರುವುದು ಆರೆಂಟು ತಿಂಗಳ ನಂತರದ ಬೆಲೆಗೆ. ಬೆಲೆ ಹೇಳುವುದೂ ಅವನಲ್ಲ. ಏರುವ ಕಾಲದಲ್ಲಿ ಈ ಅಂತರ ಅವನಿಗೆ ಅನುಕೂಲ: ಹಳೆ ಬೆಲೆಯ ಗೊಬ್ಬರ, ಹೊಸ ಬೆಲೆಯ ಕಾಳು. ಇಳಿಯುವ ಕಾಲದಲ್ಲಿ ಉಲ್ಟಾ.

ಸುಮ್ನೆ ಒಂದು ಲೆಕ್ಕ ಮಾಡೋಣ. ಅಂಕಿಗಳು ನನ್ನ ಕಲ್ಪನೆಯವು, ಆಟ ಮಾತ್ರ ನಿಜ. ಮೊದಲ ವರ್ಷ ಒಂದು ಎಕರೆಗೆ ಖರ್ಚು 80, ಆದಾಯ 100. ಉಳಿಕೆ 20. ಎರಡನೇ ವರ್ಷ ಎಲ್ಲವೂ ಏರಿತು. ಖರ್ಚು 100, ಆದಾಯ 140, ಉಳಿಕೆ 40. ಊರೆಲ್ಲ ಇವನನ್ನೇ ನೋಡುತ್ತದೆ. ಹೊಸ ಟ್ರ್ಯಾಕ್ಟರ್ ಬಂತು. ಪಕ್ಕದ ಹೊಲವನ್ನು ಜಾಸ್ತಿ ಗೇಣಿಗೆ ಹಿಡಿದದ್ದೂ ಆಯಿತು. ಮೂರನೇ ವರ್ಷ ಕಾಳಿನ ರೇಟು ಇಳಿಯಿತು, ಆದಾಯ 110. ಖರ್ಚು ಇಳಿಯಲಿಲ್ಲ, 108 ಆಯಿತು. ಉಳಿಕೆ 2. ಮೊದಲ ವರ್ಷಕ್ಕಿಂತ ಆದಾಯ ಹತ್ತು ಪರ್ಸೆಂಟ್ ಜಾಸ್ತಿಯೇ ಇದೆ ನೋಡಿ. ದೂರದಿಂದ ನೋಡುವವರು "ಇನ್ನೂ ಒಳ್ಳೆ ರೇಟೇ ಇದೆಯಲ್ಲ" ಅನ್ನುತ್ತಾರೆ. ಇವನ ಕೈಯಲ್ಲಿ ಮಾತ್ರ ಏನೂ ಇಲ್ಲ.

ಇದು ನಡೆದಿದೆ. 2022ರ ಏಪ್ರಿಲ್‌ನಲ್ಲಿ ಶಿಕಾಗೋದಲ್ಲಿ ಮೆಕ್ಕೆಜೋಳ ಬುಷೆಲ್‌ಗೆ 8 ಡಾಲರ್ ಮೇಲಿತ್ತು. 2024ರ ಆಗಸ್ಟ್‌ನಲ್ಲಿ 4ಕ್ಕಿಂತ ಕೆಳಗೆ ಬಂತು. ನಡುವೆ 2023ರಲ್ಲಿ ಅಮೆರಿಕ ಅದುವರೆಗಿನ ತನ್ನ ಅತಿ ದೊಡ್ಡ ಮೆಕ್ಕೆಜೋಳದ ಫಸಲು ತೆಗೆದಿತ್ತು. ಬ್ರೆಜಿಲ್‌ನಲ್ಲಿ ಸೋಯಾ ದಾಖಲೆ ಮಾಡಿತ್ತು. ಕಾಳಿನ ರೇಟು ಅರ್ಧಕ್ಕೆ ಬಿತ್ತು. ಗೇಣಿ, ಯಂತ್ರ, ಬಿಡಿಭಾಗ, ಕೂಲಿ, ವಿಮೆ ಇವ್ಯಾವುವೂ ಅರ್ಧವಾಗಲಿಲ್ಲ.

ಕಾಳಿನ ರೇಟು ಇಷ್ಟು ಚುರುಕು ಯಾಕೆ? ಹಳೆಯ ಲೆಕ್ಕವೊಂದಿದೆ. 1699ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಡೇವನಂಟ್ ಒಂದು ಪಟ್ಟಿ ಪ್ರಕಟಿಸಿದ. ಅದು ಗ್ರೆಗೊರಿ ಕಿಂಗ್ ಎಂಬವನ ಲೆಕ್ಕ ಎಂದು ಹೆಸರಾಗಿದೆ. ಫಸಲು ಹತ್ತನೇ ಒಂದು ಭಾಗ ಕಡಿಮೆಯಾದರೆ ಬೆಲೆ ಹತ್ತನೇ ಮೂರು ಭಾಗ ಏರುತ್ತದೆ. ಎರಡು ಭಾಗ ಕಡಿಮೆಯಾದರೆ ಎಂಟು ಭಾಗ ಏರುತ್ತದೆ. ಮೂರು ಭಾಗ ಹೋದರೆ ಹದಿನಾರು. ಇವತ್ತಿನ ಪೇಟೆಗೆ ಈ ಅಂಕಿಗಳು ಹೊಂದುವುದಿಲ್ಲ. ಆದರೆ ಒಳಗಿನ ಮಾತು ಹಾಗೇ ಇದೆ. ಹೊಟ್ಟೆಗೆ ಬೇಕಾದ ವಸ್ತು ಕಡಿಮೆ ಬಿದ್ದರೆ ಜನ ಬೇರೆ ಖರ್ಚು ಬಿಟ್ಟಾದರೂ ಕೊಳ್ಳುತ್ತಾರೆ. ಜಾಸ್ತಿ ಬಂದರೆ? ಸೋವಿಯಾಗಿದೆ ಎಂದು ಯಾರೂ ಎರಡು ಸಲ ಊಟ ಮಾಡುವುದಿಲ್ಲ. ಅದಕ್ಕೇ ಸ್ವಲ್ಪ ಕೊರತೆಗೆ ರೇಟು ಹಾರುತ್ತದೆ, ಸ್ವಲ್ಪ ಹೆಚ್ಚುವರಿಗೆ ಪಾತಾಳ ಸೇರುತ್ತದೆ.

ನಡುವೆ ತಡೆ ಅಂತ ಇರುವುದು ದಾಸ್ತಾನು ಒಂದೇ. ವರ್ಷದ ಬಳಕೆಗೆ ಹೋಲಿಸಿದರೆ ಗೋದಾಮಿನಲ್ಲಿ ಎಷ್ಟು ಉಳಿದಿದೆ ಎಂಬುದನ್ನೇ ವ್ಯಾಪಾರಿಗಳು ಮೊದಲು ನೋಡುತ್ತಾರೆ. ಇಲ್ಲೊಂದು ಮೋಸವಿದೆ. ಜಗತ್ತಿನ ಗೋಧಿ ದಾಸ್ತಾನಿನ ಸುಮಾರು ಅರ್ಧ ಚೀನಾದಲ್ಲಿದೆ ಎಂದು ಅಂದಾಜು. ಅದು ಪೇಟೆಗೆ ಬರುವ ಗೋಧಿಯಲ್ಲ. ಹಾಗಾಗಿ "ಜಗತ್ತಿನಲ್ಲಿ ಬೇಕಾದಷ್ಟು ದಾಸ್ತಾನಿದೆ" ಎಂಬ ಮಾತು ಕೇಳಿದರೆ, ಅದು ಯಾರ ಗೋದಾಮಿನಲ್ಲಿದೆ ಎಂದು ಕೇಳಿಕೊಳ್ಳಿ.

ಈ ದಾಸ್ತಾನಿನ ಅಂದಾಜುಗಳಿಗೆ ಅಮೆರಿಕದ ಕೃಷಿ ಇಲಾಖೆಯ ತಿಂಗಳ ವರದಿಯೇ ಜಗತ್ತಿಗೆಲ್ಲ ಪಂಚಾಂಗ. ವರದಿ ಸಿದ್ಧವಾಗುವಾಗ ಅಧಿಕಾರಿಗಳನ್ನು ಕೋಣೆಯೊಳಗೆ ಬಿಟ್ಟು ಬಾಗಿಲು ಹಾಕುತ್ತಾರೆ. ಫೋನ್ ಇಲ್ಲ, ಕಿಟಕಿಗೆ ಪರದೆ. ಅತಿ ಅನ್ನಿಸಬಹುದು. ಇದರ ಬೇರು 1905ರ ಒಂದು ಹಗರಣದಲ್ಲಿದೆ. ಹತ್ತಿ ಬೆಳೆಯ ಅಂದಾಜನ್ನು ಇಲಾಖೆಯ ನೌಕರನೊಬ್ಬ ಹೊರಗಿನ ಸಟ್ಟಾದವರಿಗೆ ಮೊದಲೇ ಮುಟ್ಟಿಸಿದ್ದ. ಕಿಟಕಿಯ ಪರದೆ ಮೇಲೆ ಕೆಳಗೆ ಮಾಡಿ ಸನ್ನೆ ಕೊಡುತ್ತಿದ್ದ ಎಂಬ ಕಥೆ ಇವತ್ತಿಗೂ ಓಡಾಡುತ್ತದೆ. ಒಂದು ಅಂಕಿಗೆ ಎಷ್ಟು ಬೆಲೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಸಟ್ಟಾ ಎಂದಾಗ ಸಭೆಯಲ್ಲಿ ಒಬ್ಬರು ಕೇಳಿದರು: "ಈ ವಾಯಿದೆ ವ್ಯಾಪಾರದವರೇ ಬೆಲೆ ಏರಿಸುವುದು ಅಲ್ವಾ ಸಾರ್?" ವಾಯಿದೆ ಅಂದರೆ ಮುಂದೆ ಕೊಡುವ ಕಾಳಿಗೆ ಇವತ್ತೇ ಬೆಲೆ ಕಟ್ಟುವುದು, ಶಿಕಾಗೋ ಪೇಟೆಯಲ್ಲಿ ನಡೆಯುವುದು ಇದೇ. ಕೆಲವು ದಿನ, ಕೆಲವು ವಾರ ಏರಿಸಬಹುದು, ಇಳಿಸಲೂಬಹುದು. ವರ್ಷಗಟ್ಟಲೆ ಬೆಲೆ ಹಿಡಿದಿಡಲು ಕಾಳನ್ನೇ ಹಿಡಿದಿಡಬೇಕು. ನನ್ನ ಮಟ್ಟಿಗೆ, ಅವರನ್ನು ಬೈಯುವುದರಲ್ಲಿ ನಾವು ಖರ್ಚು ಮಾಡುವ ಸಮಯ ಜಾಸ್ತಿಯಾಯಿತು. ಬೆಳೆಗಾರ ನೋಡಬೇಕಾದ ಇನ್ನೊಂದು ಅಂಕಿ ಇದೆ: ವಾಯಿದೆ ಧಾರಣೆಗೂ ತನ್ನ ಹತ್ತಿರದ ಖರೀದಿ ಕೇಂದ್ರದ ಧಾರಣೆಗೂ ಇರುವ ಅಂತರ. ಪೇಟೆಯವರು ಇದಕ್ಕೆ ಬೇಸಿಸ್ ಅನ್ನುತ್ತಾರೆ. 2022ರ ಅಕ್ಟೋಬರಿನಲ್ಲಿ ಅಮೆರಿಕದ ಮಿಸಿಸಿಪಿ ನದಿಯಲ್ಲಿ ನೀರು ತಳ ಹಿಡಿಯಿತು. ಕಾಳು ಸಾಗಿಸುವ ದೋಣಿಗಳು ಸಿಕ್ಕಿಬಿದ್ದವು, ಬಾಡಿಗೆ ಮುಗಿಲು ಮುಟ್ಟಿತು. ಶಿಕಾಗೋದಲ್ಲಿ ಮೆಕ್ಕೆಜೋಳಕ್ಕೆ ಭರ್ಜರಿ ರೇಟು. ನದಿ ದಂಡೆಯ ಖರೀದಿ ಕೇಂದ್ರಗಳಲ್ಲಿ ಮಾತ್ರ ಆ ರೇಟಿಗಿಂತ ಎಷ್ಟೋ ಕಡಿಮೆ ಕೊಡುತ್ತಿದ್ದರು. ಅದೂ ಸರಿಯಾಗಿ ಕೊಯ್ಲಿನ ವಾರಗಳಲ್ಲಿ.

ಇಷ್ಟು ಹೊತ್ತು ಗೊಬ್ಬರ ಹೇಳಿದೆ. ಗೊಬ್ಬರಕ್ಕಿಂತ ಮೆತ್ತಗೆ ಬಂದು ಜೋರಾಗಿ ಹೊಡೆಯುವುದು ಬಡ್ಡಿ. ಹಣದುಬ್ಬರ ಏರಿದರೆ ಕೇಂದ್ರ ಬ್ಯಾಂಕುಗಳು ಬಡ್ಡಿ ಏರಿಸುತ್ತವೆ. ಅಮೆರಿಕದ ಫೆಡರಲ್ ರಿಸರ್ವ್ 2022ರ ಆರಂಭದಲ್ಲಿ ಸೊನ್ನೆ ಹತ್ತಿರ ಇದ್ದ ದರವನ್ನು 2023ರ ಜುಲೈ ಹೊತ್ತಿಗೆ ಶೇ 5.25–5.5ಕ್ಕೆ ಒಯ್ದಿತು. ಬೇರೆ ದೇಶಗಳೂ ಹಿಂದೆಮುಂದೆ ಅದನ್ನೇ ಮಾಡಿದವು. ಬಿತ್ತನೆಗೆ ಸಾಲ, ಕೊಯ್ದ ಮೇಲೆ ತೀರಿಸುವುದು, ಇದು ಎಲ್ಲ ಕಡೆ ಇರುವ ಪದ್ಧತಿ. ಬಡ್ಡಿ ಏರಿದ್ದು ಬೆಳೆಗಾರನಿಗೆ ಎರಡು ಜಾಗದಲ್ಲಿ ತಾಗುತ್ತದೆ. ಸಾಲದ ಮೇಲೆ ಒಂದು. ಕಾಳು ಇಟ್ಟುಕೊಂಡು ಕಾಯುವುದರ ಮೇಲೆ ಇನ್ನೊಂದು.

ಎರಡನೆಯದನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ನೂರು ರೂಪಾಯಿ ಬೆಲೆಯ ಕಾಳನ್ನು ಆರು ತಿಂಗಳು ಇಟ್ಟಿರಿ. ವರ್ಷಕ್ಕೆ 4ರ ಬಡ್ಡಿಯಾದರೆ ಕಾಯುವ ಖರ್ಚು 2 ರೂಪಾಯಿ. 9ರ ಬಡ್ಡಿಯಾದರೆ 4 ರೂಪಾಯಿ 50 ಪೈಸೆ. ಇದರ ಮೇಲೆ ಗೋದಾಮು ಬಾಡಿಗೆ, ಹುಳ, ಇಲಿ, ಒಣಗುವಾಗ ಕಳೆಯುವ ತೂಕ. ತೂಕದ ಲೆಕ್ಕ ಎಷ್ಟೋ ಜನರಿಗೆ ಆಶ್ಚರ್ಯ ತರುತ್ತದೆ. ಶೇ 20 ತೇವ ಇರುವ ಸಾವಿರ ಕಿಲೋ ಜೋಳದಲ್ಲಿ ಒಣ ಪದಾರ್ಥ 800 ಕಿಲೋ. ಅದನ್ನು ಶೇ 15 ತೇವಕ್ಕೆ ಒಣಗಿಸಿದರೆ ಉಳಿಯುವುದು 941 ಕಿಲೋ. ಐದು ಪರ್ಸೆಂಟ್ ತೇವ ಹೋಯಿತು ಎಂದರೆ 50 ಕಿಲೋ ಹೋಯಿತು ಎಂದುಕೊಳ್ಳುತ್ತಾರೆ. ಹೋದದ್ದು 59. ಯಂತ್ರದಲ್ಲಿ ಒಣಗಿಸಿದರೆ ಅದಕ್ಕೆ ಉರಿಸುವ ಗ್ಯಾಸೂ ಹಣದುಬ್ಬರದ ಪಟ್ಟಿಯಲ್ಲೇ ಇರುವ ವಸ್ತು.

ಬಡ್ಡಿ ಏನು ಮಾಡಬಲ್ಲದು ಎಂದು ತಿಳಿಯಲು 1970ರ ದಶಕದ ಅಮೆರಿಕಕ್ಕಿಂತ ಒಳ್ಳೆಯ ಪಾಠ ಇಲ್ಲ. 1972ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಬೆಳೆ ಕೈಕೊಟ್ಟಿತು. ಅವರು ಸದ್ದಿಲ್ಲದೆ ಅಮೆರಿಕದಿಂದ ಗೋಧಿ ಕೊಂಡರು. ಸದ್ದಾಗುವ ಹೊತ್ತಿಗೆ ಆ ವರ್ಷದ ಗೋಧಿ ಬೆಳೆಯ ನಾಲ್ಕನೇ ಒಂದು ಭಾಗದಷ್ಟು ಹೋಗಿತ್ತು. 2 ಡಾಲರಿಗಿಂತ ಕಡಿಮೆ ಇದ್ದ ಬುಷೆಲ್ 1974ರ ಆರಂಭಕ್ಕೆ 5 ದಾಟಿತು. ನಡುವೆ ಎಣ್ಣೆ ಬಿಕ್ಕಟ್ಟೂ ಬಂತು. ಕೃಷಿ ಮಂತ್ರಿ ಅರ್ಲ್ ಬಟ್ಜ್ ಬೇಲಿಯಿಂದ ಬೇಲಿಯವರೆಗೆ ಬಿತ್ತಿ ಎಂದು ಹುರಿದುಂಬಿಸಿದರು. ಬಿತ್ತಿದರು ಕೂಡ. ಹಣದುಬ್ಬರ ಬಡ್ಡಿಗಿಂತ ಜಾಸ್ತಿ ಇದ್ದ ಕಾಲ ಅದು. ಸಾಲ ಮಾಡಿ ಭೂಮಿ ಕೊಂಡವನೇ ಜಾಣ ಅನ್ನಿಸಿಕೊಂಡ. ವರ್ಷ ಕಳೆದಂತೆ ಸಾಲ ಕರಗುತ್ತಿತ್ತು, ಭೂಮಿ ಬೆಲೆ ಏರುತ್ತಿತ್ತು. ಬ್ಯಾಂಕುಗಳೂ ಭೂಮಿ ಬೆಲೆ ನೋಡಿ ಸಾಲ ಕೊಟ್ಟವು, ಬೆಳೆಯ ಆದಾಯ ನೋಡಿ ಅಲ್ಲ.

ಎಲ್ಲರಿಗೂ ಸುಗ್ಗಿಯಾಗಿರಲಿಲ್ಲ ಅನ್ನಿ. 1979ರ ಫೆಬ್ರವರಿಯಲ್ಲೇ ಖರ್ಚು ಗಿಟ್ಟುತ್ತಿಲ್ಲ ಎಂದು ರೈತರು ಟ್ರ್ಯಾಕ್ಟರ್ ಓಡಿಸಿಕೊಂಡು ವಾಷಿಂಗ್ಟನ್‌ಗೆ ಬಂದಿದ್ದರು. ಅದೇ ವರ್ಷ ಆಗಸ್ಟ್‌ನಲ್ಲಿ ಪಾಲ್ ವೋಲ್ಕರ್ ಫೆಡರಲ್ ರಿಸರ್ವ್ ಮುಖ್ಯಸ್ಥರಾದರು. ಹಣದುಬ್ಬರವನ್ನು ಹೇಗಾದರೂ ಕಟ್ಟಿಹಾಕಬೇಕು ಎಂದು ಹೊರಟರು. 1980ರ ಜನವರಿಯಲ್ಲಿ, ಅಫ್ಘಾನಿಸ್ತಾನದ ಮೇಲಿನ ದಾಳಿಗೆ ಉತ್ತರವಾಗಿ, ಅಧ್ಯಕ್ಷ ಕಾರ್ಟರ್ ಸೋವಿಯತ್‌ಗೆ ಧಾನ್ಯ ಮಾರಾಟ ನಿಲ್ಲಿಸಿದರು. ಡಿಸೆಂಬರ್ ಹೊತ್ತಿಗೆ ಬ್ಯಾಂಕುಗಳು ತಮ್ಮ ಒಳ್ಳೆಯ ಗಿರಾಕಿಗಳ ಸಾಲಕ್ಕೆ ಹಾಕುವ ಬಡ್ಡಿಯೇ ಶೇ 21.5 ಆಗಿತ್ತು. ಡಾಲರ್ ಬಲವಾಯಿತು, ಅಮೆರಿಕದ ಧಾನ್ಯ ಬೇರೆಯವರಿಗೆ ದುಬಾರಿಯಾಯಿತು, ರಫ್ತು ಕುಸಿಯಿತು. ಭೂಮಿ ಬೆಲೆಗೆ ಆಧಾರವೇ ಹೋಯಿತು. ಅಯೋವಾ ರಾಜ್ಯದಲ್ಲಿ 1981ರಿಂದ 1986ರ ನಡುವೆ ಎಕರೆ ಬೆಲೆ 60 ಪರ್ಸೆಂಟಿಗಿಂತ ಜಾಸ್ತಿ ಬಿತ್ತು. ಸಾಲ ಮಾತ್ರ ಅಷ್ಟೇ ಇತ್ತು. ಸಾವಿರಾರು ಸಂಸಾರಗಳು ಜಮೀನು ಬಿಟ್ಟು ಹೋದವು. ರೈತರಿಗೆ ಸಾಲ ಕೊಡುವ ಸಂಸ್ಥೆಗಳನ್ನೇ 1987ರಲ್ಲಿ ಸರ್ಕಾರ ಕಾನೂನು ಮಾಡಿ ಎತ್ತಿ ನಿಲ್ಲಿಸಬೇಕಾಯಿತು.

ಗಮನಿಸಿ, ಅವರನ್ನು ಮುಳುಗಿಸಿದ್ದು ಹಣದುಬ್ಬರ ಅಲ್ಲ. ಹಣದುಬ್ಬರ ಹಾಗೇ ಇರುತ್ತದೆ ಎಂದು ನಂಬಿ ಮಾಡಿದ ಸಾಲ, ಅದು ನಿಂತಾಗ ಹೊರೆಯಾಯಿತು.

ಇದಕ್ಕೆ ತದ್ವಿರುದ್ಧವಾದ ಚಿತ್ರ ನೋಡಬೇಕಾದರೆ ಅರ್ಜೆಂಟೀನಾಕ್ಕೆ ಹೋಗಬೇಕು. ಅಲ್ಲಿ ಹೊಲಗಳ ನಡುವೆ ಬಿಳಿ ಪ್ಲಾಸ್ಟಿಕ್‌ನ ಉದ್ದ ಚೀಲಗಳು ಮಲಗಿರುತ್ತವೆ. ಒಂದೊಂದೂ ಸುಮಾರು 60 ಮೀಟರ್ ಉದ್ದ, ಹೆಚ್ಚುಕಡಿಮೆ ಮನುಷ್ಯನಷ್ಟು ಎತ್ತರ. ಒಳಗೆ ಸುಮಾರು 200 ಟನ್ ಕಾಳು. ಬಾಯಿ ಮುಚ್ಚಿದ ಮೇಲೆ ಒಳಗಿನ ಕಾಳು, ಹುಳ ಎಲ್ಲ ಉಸಿರಾಡಿ ಆಮ್ಲಜನಕ ಖಾಲಿ ಮಾಡುತ್ತವೆ. ಹುಳ ಸಾಯುತ್ತದೆ, ಕಾಳು ಕೆಡದೆ ತಿಂಗಳುಗಟ್ಟಲೆ ಇರುತ್ತದೆ. ಚೆನ್ನಾಗಿ ಒಣಗಿರಬೇಕು ಅಷ್ಟೇ. ಗೋದಾಮು ಕಟ್ಟುವ ಖರ್ಚಿಲ್ಲ. ಆದರೆ ಅಲ್ಲಿನ ರೈತರು ಈ ಚೀಲಗಳನ್ನು ಇಷ್ಟು ನೆಚ್ಚಿಕೊಂಡದ್ದು ಖರ್ಚು ಕಡಿಮೆ ಎಂದು ಮಾತ್ರ ಅಲ್ಲ. 2023ರಲ್ಲಿ ಆ ದೇಶದ ಹಣದುಬ್ಬರ ವರ್ಷಕ್ಕೆ ಶೇ 211. ಸೋಯಾ ಮಾರಿ ಅಲ್ಲಿನ ದುಡ್ಡು ಪೆಸೊವನ್ನು ಬ್ಯಾಂಕಿಗೆ ಹಾಕಿದರೆ ಅದು ಕಣ್ಣೆದುರೇ ಕರಗುತ್ತಿತ್ತು. ಸೋಯಾಕ್ಕೆ ಬೆಲೆ ಡಾಲರಿನಲ್ಲಿ. ಹಾಗಾಗಿ ಚೀಲವೇ ಬ್ಯಾಂಕು. ಗೊಬ್ಬರ ಬೇಕಾದಾಗ ಒಂದಿಷ್ಟು ಮಾರುವುದು, ಡೀಸೆಲ್ ಬೇಕಾದಾಗ ಇನ್ನೊಂದಿಷ್ಟು. ನಾನು ಮೊದಲು ಹೇಳಿದ ಮೂಟೆ ಲೆಕ್ಕವನ್ನು ಅವರು ನಿತ್ಯ ಬದುಕುತ್ತಾರೆ.

ಸರ್ಕಾರಕ್ಕೆ ಇದು ಕಣ್ಣುರಿಯಾಗಿತ್ತು. ಡಾಲರ್ ಕೊರತೆ ಇರುವ ದೇಶದಲ್ಲಿ ಡಾಲರ್ ತರುವ ಬೆಳೆ ಚೀಲದಲ್ಲಿ ಮಲಗಿತ್ತು. 2022ರ ಸೆಪ್ಟೆಂಬರಿನಲ್ಲಿ ಒಂದು ಉಪಾಯ ಮಾಡಿದರು. ಅಧಿಕೃತ ದರ ಡಾಲರಿಗೆ 140 ಪೆಸೊ ಆಸುಪಾಸು ಇದ್ದಾಗ, ಸೋಯಾ ಮಾರುವವರಿಗೆ ಮಾತ್ರ 200 ಎಂದರು. ಒಂದೇ ತಿಂಗಳಲ್ಲಿ ಒಂದು ಕೋಟಿ ಟನ್ನಿಗೂ ಜಾಸ್ತಿ ಸೋಯಾ ಚೀಲದಿಂದ ಹೊರಬಂತು. ರೈತರು ಹಟಮಾರಿಗಳು ಎಂದು ಬೈಯುತ್ತಿದ್ದವರು ಆ ತಿಂಗಳು ಏನು ಹೇಳಿದರೋ!

ಅಲ್ಲಿ ಇಟ್ಟವನು ಗೆದ್ದ. 2023ರಲ್ಲಿ ಅಮೆರಿಕದಲ್ಲಿ ಮೆಕ್ಕೆಜೋಳ ಇಟ್ಟವನು ಸೋತ. ಒಂದು ಕಡೆ ದುಡ್ಡು ಕಾಳಿಗಿಂತ ಬೇಗ ಕರಗುತ್ತಿತ್ತು. ಇನ್ನೊಂದು ಕಡೆ ಕಾಳೇ ಬೇಗ ಕರಗುತ್ತಿತ್ತು, ಜೊತೆಗೆ ಬಡ್ಡಿಯೂ ಬೆಳೆಯುತ್ತಿತ್ತು. ಹಾಗಾಗಿ "ಕಾಳು ಇಟ್ಟುಕೊಂಡರೆ ರೇಟು ಬಂದೇ ಬರುತ್ತದೆ" ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎಲ್ಲಿ, ಯಾವ ಬಡ್ಡಿಗೆ ಎಂದು ಕೇಳದೆ ಅದಕ್ಕೆ ಅರ್ಥವಿಲ್ಲ.

ಬೆಲೆ ಏರಿದಾಗ ಸರ್ಕಾರಗಳು ಮಾಡುವ ಇನ್ನೊಂದು ಕೆಲಸ ರಫ್ತು ನಿಲ್ಲಿಸುವುದು. 2010ರ ಆಗಸ್ಟ್‌ನಲ್ಲಿ ಬರ ಬಿದ್ದಾಗ ರಷ್ಯಾ ಗೋಧಿ ರಫ್ತು ನಿಲ್ಲಿಸಿತು. 2022ರ ಮೇ ತಿಂಗಳಲ್ಲಿ ಭಾರತ ಗೋಧಿಗೆ, 2023ರ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಗೆ ತಡೆ ಹಾಕಿತು. ಜಗತ್ತಿನ ಅಕ್ಕಿ ರಫ್ತಿನಲ್ಲಿ ಭಾರತದ ಪಾಲು ಸುಮಾರು 40 ಪರ್ಸೆಂಟ್. ಆ ತಡೆಯಿಂದ ಥಾಯ್ಲೆಂಡ್, ವಿಯೆಟ್ನಾಂ ಅಕ್ಕಿಗೆ ಹದಿನೈದು ವರ್ಷದಲ್ಲೇ ಕಾಣದ ರೇಟು ಬಂತು. ಲಾಭ ಅಲ್ಲಿಯವರಿಗೆ. ತಡೆ ಹಾಕಿದ ದೇಶದ ಬೆಳೆಗಾರನಿಗೆ ಏರುವ ರೇಟಿನ ಪಾಲು ಸಿಗಲಿಲ್ಲ, ಏರಿದ ಖರ್ಚು ಪೂರ್ತಿ ಸಿಕ್ಕಿತು. ಊಟ ಮಾಡುವವರ ಕಡೆಯಿಂದ ನೋಡಿದರೆ ಸರ್ಕಾರದ ಅವಸರ ಅರ್ಥವಾಗುತ್ತದೆ. ಜಗತ್ತಿನ ಸಣ್ಣ ಬೆಳೆಗಾರರಲ್ಲೇ ಎಷ್ಟೋ ಜನ ವರ್ಷದ ಲೆಕ್ಕದಲ್ಲಿ ಮಾರುವುದಕ್ಕಿಂತ ಜಾಸ್ತಿ ಧಾನ್ಯ ಕೊಳ್ಳುವವರು. ಅವರಿಗೆ ಬೆಲೆ ಏರಿಕೆ ಅಂದರೆ ಬೆಲೆ ಏರಿಕೆಯೇ. ಆದರೆ ಗೊಬ್ಬರ ಏರಿದಾಗ ಸುಮ್ಮನಿದ್ದು ಕಾಳು ಏರಿದಾಗ ಮಾತ್ರ ಬಾಗಿಲು ಹಾಕುವುದು ನ್ಯಾಯದ ಲೆಕ್ಕಕ್ಕೆ ನನಗೆ ಹೊಂದುವುದಿಲ್ಲ.

ಅಂದಹಾಗೆ, ಈ ಮೂಟೆ ಲೆಕ್ಕವೂ ಪೂರ್ತಿ ಅಲ್ಲ. 1933ರಲ್ಲಿ ಅಮೆರಿಕ ತನ್ನ ಕೃಷಿ ಕಾನೂನಿನಲ್ಲಿ ಇದೇ ಯೋಚನೆ ತಂದಿತು. 1909–14ರಲ್ಲಿ ಒಂದು ಬುಷೆಲ್ ಮಾರಿದರೆ ಎಷ್ಟು ಸಾಮಾನು ಬರುತ್ತಿತ್ತೋ ಅಷ್ಟು ಈಗಲೂ ಬರಬೇಕು ಎಂದು. ಕೇಳಲು ಚೆಂದ. ಆದರೆ ಆಗ ಮೆಕ್ಕೆಜೋಳ ಎಕರೆಗೆ 25 ಬುಷೆಲ್ ಆಸುಪಾಸು ಬರುತ್ತಿತ್ತು. 2023ರಲ್ಲಿ 177. ಒಂದು ಮೂಟೆ ಮೊದಲಿನಷ್ಟು ತರುವುದಿಲ್ಲ ನಿಜ, ಒಂದು ಎಕರೆ ಏಳು ಪಟ್ಟು ಮೂಟೆ ಕೊಡುತ್ತದೆ. ಹಾಗೆಂದು ಇದು ಬಿಟ್ಟಿ ಬಂದದ್ದಲ್ಲ. ವಿಲ್ಲರ್ಡ್ ಕಾಕ್ರೇನ್ ಎಂಬ ಅರ್ಥಶಾಸ್ತ್ರಜ್ಞ 1958ರಲ್ಲಿ ಇದನ್ನು ಟ್ರೆಡ್‌ಮಿಲ್ ಎಂದು ಕರೆದ, ಎಷ್ಟು ಓಡಿದರೂ ಇದ್ದಲ್ಲೇ ಇರುವ ಓಟದ ಯಂತ್ರ. ಹೊಸ ಬೀಜ, ಹೊಸ ಯಂತ್ರ ಮೊದಲು ತಂದವನಿಗೆ ಲಾಭ. ಎಲ್ಲರೂ ತಂದಾಗ ಉತ್ಪನ್ನ ಜಾಸ್ತಿಯಾಗಿ ರೇಟು ಇಳಿಯುತ್ತದೆ. ಆಮೇಲೆ ತರದವನಿಗೆ ಉಳಿಗಾಲವಿಲ್ಲ, ತಂದವನಿಗೆ ಲಾಭವಿಲ್ಲ.

ಕೊನೆಗೆ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಕಡೆ ಬಂದವು: "ಹಾಗಾದರೆ ಏನು ಮಾಡಬೇಕು?" ಬೆಲೆ ಭವಿಷ್ಯ ಹೇಳುವ ಕೆಲಸ ನನ್ನದಲ್ಲ. ಕೆಲವು ಕಡೆ ಜನ ಏನು ಮಾಡಿಕೊಂಡಿದ್ದಾರೆ ಎಂದು ಹೇಳಬಲ್ಲೆ. ಬ್ರೆಜಿಲ್ ತನ್ನ ಗೊಬ್ಬರದ ಸುಮಾರು 85 ಪರ್ಸೆಂಟ್ ಹೊರಗಿನಿಂದ ತರಿಸುತ್ತದೆ. ಅಲ್ಲಿನ ಸೋಯಾ ಬೆಳೆಗಾರರಲ್ಲಿ ಬಹಳ ಜನ ಬಿತ್ತುವ ಮೊದಲೇ ಗೊಬ್ಬರದವರ ಜೊತೆ ಮೂಟೆಯಲ್ಲಿ ಒಪ್ಪಂದ ಮಾಡಿಕೊಳ್ಳುತ್ತಾರೆ. ಇಷ್ಟು ಗೊಬ್ಬರಕ್ಕೆ, ಕೊಯ್ಲಾದ ಮೇಲೆ, 60 ಕಿಲೋದ ಇಷ್ಟು ಮೂಟೆ. ಆಮೇಲೆ ಸೋಯಾ ಏರಲಿ, ಡಾಲರ್ ಇಳಿಯಲಿ, ಆ ಪಾಲಿನ ಚಿಂತೆ ಇಲ್ಲ. ಏರಿದರೆ ಸಿಗಬಹುದಾಗಿದ್ದ ಲಾಭವೂ ಆ ಪಾಲಿಗೆ ಇಲ್ಲ, ಅದನ್ನೂ ಹೇಳಬೇಕು. ಬೆಳೆ ಕೈಕೊಟ್ಟರೂ ಮೂಟೆ ಕೊಡಲೇಬೇಕು. ಅದಕ್ಕೆ ಇಡೀ ಬೆಳೆಯನ್ನು ಹೀಗೆ ಕಟ್ಟಿಕೊಳ್ಳುವುದಿಲ್ಲ, ಗೊಬ್ಬರದ ಪಾಲಿನಷ್ಟು ಮಾತ್ರ.

ಇಂಥ ವ್ಯವಸ್ಥೆ ಇಲ್ಲದ ಕಡೆಯೂ ಒಂದು ಕೆಲಸ ಸಾಧ್ಯ. ಮುಂದಿನ ಬೆಳೆಯ ಗೊಬ್ಬರ ಕೊಳ್ಳುವ ದಿನವೇ, ಅಷ್ಟು ಬೆಲೆಗೆ ಸಾಕಾಗುವಷ್ಟು ಕಾಳನ್ನೂ ಮಾರುವುದು. ಎರಡೂ ಒಂದೇ ದಿನದ ಬೆಲೆಗೆ ಆದರೆ ಮೂಟೆ ಲೆಕ್ಕ ಅಲ್ಲಿಗೆ ಗಟ್ಟಿ. ಉಳಿದದ್ದನ್ನು ಮೂರ್ನಾಲ್ಕು ಕಂತಿನಲ್ಲಿ ಮಾರಬಹುದು. ಶೇ 9ರ ಸಾಲ ತಲೆ ಮೇಲಿದ್ದರೆ ಮೊದಲ ಕಂತು ಆ ಸಾಲಕ್ಕೇ ಹೋಗಲಿ.

ಮತ್ತೆ ಗೇಣಿ. ಒಳ್ಳೆ ರೇಟಿನ ವರ್ಷ ಒಪ್ಪಿಕೊಂಡ ಗೇಣಿ, ಕೆಟ್ಟ ರೇಟಿನ ಮೂರು ವರ್ಷ ಬೆನ್ನು ಹತ್ತುತ್ತದೆ. ಅಮೆರಿಕದ ಮೆಕ್ಕೆಜೋಳದ ಸೀಮೆಯಲ್ಲಿ ಕೆಲವರು ಧಾರಣೆಗೆ ತಕ್ಕ ಗೇಣಿ ಬರೆಸಿಕೊಳ್ಳುತ್ತಾರೆ. ಕೆಳಗೆ ಒಂದು ಕನಿಷ್ಠ ಮೊತ್ತ, ಅದರ ಮೇಲೆ ಆ ವರ್ಷದ ಇಳುವರಿ ಮತ್ತು ರೇಟು ನೋಡಿ ಪಾಲು. "ಇದಕ್ಕೆ ಜಮೀನಿನ ಮಾಲೀಕರು ಒಪ್ಪುತ್ತಾರಾ?" ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ರೇಟು ಏರುತ್ತಿರುವ ವರ್ಷ ಕೇಳಿ, ಖುಷಿಯಿಂದ ಒಪ್ಪುತ್ತಾರೆ. ಸಹಿ ಹಾಕಿಸಿಕೊಳ್ಳಬೇಕಾದ್ದೂ ಆ ವರ್ಷವೇ.